ಸೀಲ್ ಬಿಚ್ಚುವ ಮುನ್ನ ಒತ್ತಡ ಅಳೆಯಿರಿ

ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲನ್ನು ನಾನು ಒಂದೇ ಗಾಡಿಗೆ ಮೂರು ಸಲ ಹಾಕಿದ್ದೇನೆ. ಆ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು. ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಇಷ್ಟೆಲ್ಲ ಆದಮೇಲೆ ಕೈಗೆ ಸಿಗುವುದು ಅಂಗೈ ಅಗಲದ ಒಂದು ರಬ್ಬರ್ ಬಳೆ. ಮೊದಲ ಸಲ ಸೀಲ್ ಹಳೆಯದಾಗಿದೆ ಅಂದುಕೊಂಡೆ. ಎರಡನೇ ಸಲ ನಾನು ತಂದ ಸೀಲೇ ಕಳಪೆ ಇರಬೇಕು ಅಂದುಕೊಂಡೆ. ಮೂರನೇ ಸಲ ನನ್ನ ಕೈಚಳಕದ ಮೇಲೇ ಅನುಮಾನ ಬಂತು, ಒಂದು ಗಂಟೆ ಹೆಚ್ಚು ತೆಗೆದುಕೊಂಡು ಹಾಕಿದೆ. ಹದಿನೈದು ದಿನಕ್ಕೆ ಗಾಡಿ ವಾಪಸ್. ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರುವ ಕಡೆ, ಅಡಿಯಿಂದ ಅದೇ ಹನಿ.

ನಾಲ್ಕನೇ ಸಲ ಬಿಚ್ಚಲು ಮನಸ್ಸಾಗದೆ ಸುಮ್ಮನೆ ಎಂಜಿನ್ನನ್ನು ನೋಡುತ್ತ ನಿಂತಿದ್ದಾಗ, ಒಳಗಿನ ಹೊಗೆ ಹೊರಗೆ ಹೋಗುವ ಬ್ರೀದರ್ ಪೈಪಿಗೆ ಕೈ ಹೋಯಿತು. ಹೊರಗಿನಿಂದ ಹೊಸದರ ಹಾಗೆ ಕಾಣುತ್ತಿತ್ತು. ಕಳಚಿ ಒಂದು ತುದಿಯಿಂದ ಊದಿದೆ, ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದರೆ ಒಳಪದರದ ರಬ್ಬರ್ ಎಣ್ಣೆ ಕುಡಿದು ಊದಿಕೊಂಡು, ಹೊರಪದರದಿಂದ ಬಿಟ್ಟು, ಒಳಗೇ ಮಡಚಿ ಕೂತಿದೆ. ಉಳಿದ ಸಂದಿನಲ್ಲೂ ಕಂದು ಜಿಡ್ಡು. ನಿಮ್ಮ ಸಾಲಿನಲ್ಲಿ ಈಗ ಕೈಯಿಂದ ಕೈಗೆ ಹೋಗುತ್ತಿರುವುದು ಆ ಪೈಪಿನ ತುಂಡೇ. ಸೀಳಿದ ಕಡೆ ಬೆರಳಿಟ್ಟು ನೋಡಿ, ಮಡಿಕೆ ತಾಗುತ್ತದೆ.

ಹೊಸ ಪೈಪು ಹಾಕಿದೆ, ಸೀಲ್ ಮುಟ್ಟಲಿಲ್ಲ. ಸೋರುವುದು ನಿಂತಿತು. ಅಲ್ಲಿಂದೀಚೆಗೆ ಎಣ್ಣೆ ಸೋರುವ ಗಾಡಿ ಬಂದರೆ ನನ್ನದು ಎರಡು ಪ್ರಶ್ನೆ. ಎಲ್ಲಿಂದ ಬರುತ್ತಿದೆ ಅನ್ನುವುದು ಒಂದು, ಅದನ್ನು ಒಳಗಿನಿಂದ ಯಾವುದಾದರೂ ತಳ್ಳುತ್ತಿದೆಯೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ನಾನು ಇವತ್ತು ಮಾತಾಡುವುದು ಎರಡನೆಯದರ ಬಗ್ಗೆ.

ಕ್ರ್ಯಾಂಕ್‌ಕೇಸ್ ಅಂದರೆ ಕ್ರ್ಯಾಂಕ್ ತಿರುಗುವ ಜಾಗ, ಅದು ಸರಿ. ಆದರೆ ಒತ್ತಡದ ಲೆಕ್ಕಕ್ಕೆ ಬಂದರೆ ಅದರ ಗಡಿ ತುಂಬ ದೊಡ್ಡದು. ಕೆಳಗಿನ ಆಯಿಲ್ ಚೇಂಬರ್, ಮುಂದಿನ ಟೈಮಿಂಗ್ ಕವರಿನ ಒಳಭಾಗ, ಹೆಡ್ಡಿನಿಂದ ಎಣ್ಣೆ ಕೆಳಗಿಳಿಯುವ ರಂಧ್ರಗಳು, ವಾಲ್ವುಗಳ ಮೇಲೆ ಮುಚ್ಚುವ ಟ್ಯಾಪೆಟ್ ಕವರ್, ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ ಇಳಿಯುವ ಪೈಪು, ಎಲ್ಲ ಒಂದಕ್ಕೊಂದು ತೆರೆದುಕೊಂಡ ಒಂದೇ ಕೋಣೆ. ಕೆಳಗೆ ಒತ್ತಡ ಏರಿದರೆ ಮೇಲೂ ಏರುತ್ತದೆ. ಎಣ್ಣೆ ಹೊರಬೀಳುವುದು ಆ ಕೋಣೆಯ ಯಾವ ಬಾಗಿಲು ಸಡಿಲವೋ ಅಲ್ಲಿಂದ. ಹಾಗಾಗಿ ಎಣ್ಣೆ ಕಂಡ ಜಾಗಕ್ಕೂ ರೋಗ ಇರುವ ಜಾಗಕ್ಕೂ ಒಂದು ಮೊಳದ ದೂರ ಇರಬಹುದು.

ಇನ್ನು ಒತ್ತಡ ಎಲ್ಲಿಂದ ಬರುತ್ತದೆ? ಪಿಸ್ಟನ್ ಮೇಲೆ ಉರಿಯುವ ಅನಿಲದಿಂದ. ಪೂರ್ತಿ ಲೋಡಿನಲ್ಲಿ ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್ ಒತ್ತಡ 50 ಬಾರ್ ದಾಟುತ್ತದೆ, ಈಗಿನ ಡೀಸೆಲ್‌ಗಳಲ್ಲಿ 150 ಬಾರಿಗೂ ಮೇಲೆ ಹೋಗುತ್ತದೆ. ಅದನ್ನು ತಡೆದು ಹಿಡಿಯುವುದು ಪಿಸ್ಟನ್ನಿನ ಸುತ್ತ ಇರುವ ಎರಡು ತೆಳು ರಿಂಗುಗಳು. ಬಿಸಿಗೆ ಹಿಗ್ಗಲಿ ಎಂದು ರಿಂಗಿನ ಎರಡು ತುದಿಗಳ ಮಧ್ಯೆ ಸಂದು ಬಿಟ್ಟೇ ಇರುತ್ತಾರೆ. ಅಂದಮೇಲೆ ಹೊಚ್ಚಹೊಸ ಎಂಜಿನ್ನಿನಲ್ಲೂ ಒಂದಿಷ್ಟು ಅನಿಲ ಕೆಳಗೆ ನುಸುಳುವುದೇ. ಪುಸ್ತಕದಲ್ಲಿ ಇದಕ್ಕೆ ಬ್ಲೋ-ಬೈ ಎಂದು ಹೆಸರು, ಗ್ಯಾರೇಜಿನಲ್ಲಿ ನಾವು ಬ್ಯಾಕ್ ಕಂಪ್ರೆಷನ್ ಅನ್ನುತ್ತೇವೆ. 'ಬ್ಯಾಕ್ ಕಂಪ್ರೆಷನ್ ಇದೆಯಾ?' ಎಂದು ಕೇಳುವುದೇ ತಪ್ಪು ಪ್ರಶ್ನೆ, ಯಾಕೆಂದರೆ ಅದು ಎಲ್ಲ ಎಂಜಿನ್ನಿನಲ್ಲೂ ಇದೆ. ಎಷ್ಟಿದೆ, ಹೊರಗೆ ಹೋಗಲು ದಾರಿ ಸರಿ ಇದೆಯೇ ಎಂದು ಕೇಳಬೇಕು.

ಆ ದಾರಿಯ ಕತೆಯೂ ಸ್ವಾರಸ್ಯವಾಗಿದೆ, ಒಂದು ನಿಮಿಷ ಆ ಕಡೆ ಹೋಗಿಬರೋಣ. ಹಳೆಯ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಕೇಸಿನಿಂದ ಒಂದು ಪೈಪನ್ನು ಸುಮ್ಮನೆ ಗಾಡಿಯ ಅಡಿಗೆ ಬಿಡುತ್ತಿದ್ದರು. ಗಾಡಿ ಓಡುವಾಗ ಪೈಪಿನ ಬಾಯಿಯ ಮುಂದೆ ಹಾಯುವ ಗಾಳಿಯೇ ಹೊಗೆಯನ್ನು ಎಳೆದು ರಸ್ತೆಗೆ ಬಿಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕುಗಳು ನದಿ ದಾಟಬೇಕಾಗಿ ಬಂದಾಗ ಈ ಪೈಪು ನೀರಲ್ಲಿ ಮುಳುಗಿ ತೊಂದರೆಯಾಯಿತು. ಆಗ ಹೊಗೆಯನ್ನು ಹೊರಗೆ ಬಿಡದೆ, ಸಿಲಿಂಡರಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡಿಗೇ ತಿರುಗಿಸಿ ಎಂಜಿನ್ನಿನಲ್ಲಿ ಸುಡುವ ಏರ್ಪಾಡು ಮಾಡಿದರು. ಮುಂದೆ ಹೊಗೆ ಮಾಲಿನ್ಯದ ಕಾಟ ಹೆಚ್ಚಿದಾಗ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಇದು ಬಂತು, ಆಮೇಲೆ ಎಲ್ಲೆಡೆ ಹರಡಿತು. ಅದೇ ಇವತ್ತಿನ ಪಿಸಿವಿ, ಅಂದರೆ ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್.

ಪಿಸಿವಿಯಲ್ಲಿ ಎರಡು ಪೈಪು ಇರುತ್ತವೆ ಎಂಬುದನ್ನು ಮರೆಯಬೇಡಿ. ಒಂದರಲ್ಲಿ ಏರ್ ಫಿಲ್ಟರ್ ಕಡೆಯಿಂದ ಶುದ್ಧ ಗಾಳಿ ಟ್ಯಾಪೆಟ್ ಕವರಿಗೆ ಬರುತ್ತದೆ. ಇನ್ನೊಂದರಲ್ಲಿ, ಪಿಸಿವಿ ವಾಲ್ವ್ ಮೂಲಕ, ಒಳಗಿನ ಹೊಗೆ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಎಂಜಿನ್ ಸುಮ್ಮನೆ ಓಡುವಾಗ, ಮ್ಯಾನಿಫೋಲ್ಡಿನ ಎಳೆತ ಜೋರಾಗಿರುತ್ತದೆ, ಹಾಗಾಗಿ ವಾಲ್ವಿನ ಒಳಗಿನ ಪುಟ್ಟ ಗೂಟ ಎಳೆಯಲ್ಪಟ್ಟು ದಾರಿ ಕಿರಿದಾಗುತ್ತದೆ. ವೇಗ ಹೆಚ್ಚಿದಂತೆ ಎಳೆತ ಕಡಿಮೆಯಾಗಿ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ದಾರಿ ಅಗಲವಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಎಳೆತ ಬಹುತೇಕ ಇರುವುದಿಲ್ಲ, ಬ್ಲೋ-ಬೈ ಮಾತ್ರ ತುಂಬ ಇರುತ್ತದೆ. ಆಗ ಹೆಚ್ಚಾದ ಹೊಗೆ ಶುದ್ಧ ಗಾಳಿಯ ಪೈಪಿನಲ್ಲೇ ಹಿಮ್ಮುಖವಾಗಿ ಏರ್ ಫಿಲ್ಟರ್ ಕಡೆಗೆ ಹೋಗುತ್ತದೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಎಣ್ಣೆ ಕಂಡರೆ ಕಿವಿ ನಿಮಿರಬೇಕು ಅನ್ನುವುದು ಇದಕ್ಕೇ. ಸ್ವಲ್ಪ ತೇವ ಇದ್ದರೆ ಹೆದರಬೇಡಿ, ಫಿಲ್ಟರೇ ನೆನೆದಿದ್ದರೆ ಒಳಗೆ ಒತ್ತಡ ಮಿತಿಮೀರಿದೆ.

ಈ ಒತ್ತಡ ಎಷ್ಟು ದೊಡ್ಡದು ಅಂತ ಕೆಲವರಿಗೆ ಅನುಮಾನ. ಬರೀ 0.1 ಬಾರ್ ಅಂದರೆ ಟೈರಿನ ಗಾಳಿಯ ಮುಂದೆ ಏನೂ ಅಲ್ಲವಲ್ಲ ಎಂದು. ಒಂದು ಲೆಕ್ಕ ಹಾಕಿ. 50 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಟ್ಯಾಪೆಟ್ ಕವರ್ ತೆಗೆದುಕೊಳ್ಳಿ. ಅದರ ವಿಸ್ತೀರ್ಣ 750 ಚದರ ಸೆಂಟಿಮೀಟರ್. 0.1 ಬಾರ್ ಒತ್ತಡ ಅದರ ಒಳಮೈ ಮೇಲೆ ಹಾಕುವ ಬಲ ಸುಮಾರು 75 ಕೆ.ಜಿ. ತೂಕಕ್ಕೆ ಸಮ. ಒಬ್ಬ ದೊಡ್ಡ ಆಳು ಒಳಗೆ ನಿಂತು ಕವರನ್ನು ಮೇಲಕ್ಕೆ ನೂಕುತ್ತಿದ್ದ ಹಾಗೆ. ಅದನ್ನು ಹಿಡಿದಿರುವುದು ನಾಲ್ಕಾರು ಸಣ್ಣ ಬೋಲ್ಟು, ಮಧ್ಯೆ ಒಂದು ರಬ್ಬರ್ ಗ್ಯಾಸ್ಕೆಟ್.

ಸೀಲಿನ ಕತೆ ಸ್ವಲ್ಪ ಬೇರೆ. ತಿರುಗುವ ಶಾಫ್ಟಿನ ಸೀಲಿಗೆ ಒಳಮುಖವಾದ ತೆಳು ತುಟಿ ಇರುತ್ತದೆ. ಹಲವು ಸೀಲುಗಳಲ್ಲಿ ಅದರ ಬೆನ್ನಿಗೆ ಸುರುಳಿ ಸ್ಪ್ರಿಂಗ್. ಆ ತುಟಿ ಎಣ್ಣೆಯ ಸಿಡಿತ ತಡೆಯಲು ಇರುವಂಥದ್ದು, ಗಾಳಿಯ ಒತ್ತಡ ಹಿಡಿಯಲು ಅದನ್ನು ಮಾಡಿಲ್ಲ. ಒಳಗೆ ಒತ್ತಡ ಏರಿದರೆ ತುಟಿ ಶಾಫ್ಟಿಗೆ ಇನ್ನಷ್ಟು ಒತ್ತಿ ಕೂರುತ್ತದೆ, ಬಿಸಿಯಾಗುತ್ತದೆ, ಗಡಸಾಗುತ್ತದೆ, ಶಾಫ್ಟಿನ ಮೇಲೂ ಗೆರೆ ಕೊರೆಯುತ್ತದೆ. ಒತ್ತಡ ಇನ್ನೂ ಹೆಚ್ಚಿದರೆ ತುಟಿ ಮಗುಚಿಕೊಳ್ಳುತ್ತದೆ, ಇಲ್ಲವೇ ಇಡೀ ಸೀಲೇ ತನ್ನ ಜಾಗದಿಂದ ಹೊರಗೆ ಸರಿಯುತ್ತದೆ. ಬಿಚ್ಚಿದ ಸೀಲನ್ನು ತಕ್ಷಣ ಕಸಕ್ಕೆ ಎಸೆಯಬೇಡಿ ಎಂದು ನಮ್ಮ ಹುಡುಗರಿಗೆ ಹೇಳುತ್ತಿರುತ್ತೇನೆ. ಒಂದು ಕಡೆ ಓರೆಯಾಗಿ ಎದ್ದಿತ್ತೇ, ತುಟಿ ಮಡಚಿತ್ತೇ ಎಂದು ನೋಡಿದರೆ ಅದೇ ಅರ್ಧ ಕತೆ ಹೇಳುತ್ತದೆ.

ಈಗ ಗಾಡಿ ನಿಮ್ಮ ಮುಂದೆ ಇದೆ, ಅಡಿಯೆಲ್ಲ ಎಣ್ಣೆ. ಮೊದಲು ತೊಳೆಯಿರಿ. ಈ ಮಾತು ಹೇಳಿದರೆ ಎಲ್ಲರ ಮುಖ ಬಾಡುತ್ತದೆ, ಆದರೂ ಬೇರೆ ದಾರಿ ಇಲ್ಲ. ಎಣ್ಣೆ ಕೆಳಗೆ ಇಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಟ್ಯಾಪೆಟ್ ಕವರಿನ ಹಿಂಭಾಗದಿಂದ ಸೋರಿದ ಎಣ್ಣೆ ಬ್ಲಾಕಿನ ಬೆನ್ನಿನಲ್ಲಿ ಇಳಿದು ಹಿಂದಿನ ಸೀಲಿನ ಕೆಳಗೇ ಹನಿಯುತ್ತದೆ, ನೀವು ಗೇರ್‌ಬಾಕ್ಸ್ ಇಳಿಸಿಬಿಡುತ್ತೀರಿ. ತೊಳೆದು, ಒಣಗಿಸಿ, ಎಂಜಿನ್ ಓಡಿಸಿ, ಅತಿ ಮೇಲೆ ಮತ್ತು ಅತಿ ಮುಂದೆ ಎಲ್ಲಿ ಮೊದಲು ತೇವವಾಗುತ್ತದೆ ನೋಡಿ. ಬೇಗ ಕಾಣದಿದ್ದರೆ ಎಣ್ಣೆಗೆ ಹೊಳೆಯುವ ಡೈ ಬೆರೆಸಿ, ಒಂದೆರಡು ದಿನ ಓಡಿಸಿ, ನೇರಳಾತೀತ ಟಾರ್ಚ್ ಬಿಟ್ಟು ನೋಡಿ. ಹಾಗೇ, ಅದು ಎಂಜಿನ್ ಎಣ್ಣೆಯೇ ಹೌದೋ ಎಂದು ಮೂಸಿ ನೋಡಿ. ಗೇರ್ ಆಯಿಲಿನ ಗಂಧಕದ ವಾಸನೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ತೊಳೆದ ಮೇಲೆ ಒಂದೇ ಕಡೆ, ನಿಧಾನವಾಗಿ ತೇವ ಕಂಡರೆ ಅದು ಬಹುಶಃ ಸೀಲಿನದೇ ದೋಷ. ಎರಡು ಮೂರು ಕಡೆ ಒಟ್ಟಿಗೆ ಕಂಡರೆ, ಅದರಲ್ಲೂ ಸಂಬಂಧವೇ ಇಲ್ಲದ ಕಡೆಗಳಲ್ಲಿ, ಉದಾಹರಣೆಗೆ ಮೇಲೆ ಟ್ಯಾಪೆಟ್ ಕವರು, ಮುಂದೆ ಕ್ರ್ಯಾಂಕ್ ಸೀಲು, ಹಿಂದೆ ಚೇಂಬರ್ ಗ್ಯಾಸ್ಕೆಟ್, ಒತ್ತಡವನ್ನು ಅನುಮಾನಿಸಿ. ಮೂರೂ ಒಂದೇ ವಾರದಲ್ಲಿ ಸತ್ತವು ಎಂದು ನಂಬುವುದಕ್ಕಿಂತ ಮೂರನ್ನೂ ಯಾವುದೋ ಒಂದು ತಳ್ಳುತ್ತಿದೆ ಎಂದು ನಂಬುವುದು ಸುಲಭ. ಡಿಪ್‌ಸ್ಟಿಕ್ ತಾನಾಗಿ ಎದ್ದು ಬರುವುದು, ಅದರ ಪೈಪಿನ ಸುತ್ತ ಎಣ್ಣೆ ಎರಚಿರುವುದು, ಹೊಸ ಸೀಲ್ ಹಾಕಿ ಕೆಲವೇ ದಿನಕ್ಕೆ ಮತ್ತೆ ಸೋರುವುದು, ನಿಂತಾಗ ಹನಿಯದೆ ಏರಿನಲ್ಲಿ ಹೋಗಿ ಬಂದಮೇಲೆ ಮಾತ್ರ ಹನಿಯುವುದು, ಇವೂ ಅದೇ ಜಾತಿಯ ಲಕ್ಷಣಗಳು.

ಇನ್ನು ಎಣ್ಣೆ ಹಾಕುವ ಮುಚ್ಚಳದ ಪರೀಕ್ಷೆ. ನಿಮ್ಮಲ್ಲಿ ಬಹಳ ಜನ ಇದನ್ನು ಮಾಡುತ್ತೀರಿ, ಬಹಳ ಜನ ತಪ್ಪಾಗಿಯೂ ಅರ್ಥ ಮಾಡಿಕೊಳ್ಳುತ್ತೀರಿ. ಎಂಜಿನ್ ಬಿಸಿಯಾಗಿ ಐಡಲಿನಲ್ಲಿರುವಾಗ ಮುಚ್ಚಳ ತೆಗೆದು ಬಾಯಿಯ ಮೇಲೆ ತೆಳು ಕಾಗದ ಇಡಿ. ಪಿಸಿವಿ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಕಾಗದ ಮೆಲ್ಲಗೆ ಅಂಟಿಕೊಳ್ಳಬೇಕು. ಹಾರಿದರೆ ಒತ್ತಡ ಇದೆ. ಆದರೆ ಮುಚ್ಚಳವನ್ನು ತಲೆಕೆಳಗಾಗಿ ಇಟ್ಟು ಅದು ಕುಣಿಯುತ್ತಿದೆ ಎಂದು ಎಂಜಿನ್ ಬಿಚ್ಚುವ ಕೆಲಸಕ್ಕೆ ಬಂದಿದೆ ಅಂತ ತೀರ್ಪು ಕೊಡಬೇಡಿ. ಡೀಸೆಲ್ಲಿನಲ್ಲಿ ಸ್ವಲ್ಪ ಕುಣಿತ ಸಹಜ. ಒಂದು ಸಿಲಿಂಡರಿನ ಬೈಕಿನಲ್ಲಂತೂ ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಜಾಗವೇ ಕಿರಿದಾಗುತ್ತದೆ, ಮೇಲೇರಿದಾಗ ಹಿಗ್ಗುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಎರಡು ಇಳಿದಾಗ ಎರಡು ಏರುವುದರಿಂದ ಆ ಏರಿಳಿತ ಬಹುಮಟ್ಟಿಗೆ ಸರಿದೂಗುತ್ತದೆ. ಮಿಡಿತ ಬೇರೆ, ಒಂದೇ ಸಮನೆ ಹೊರಬರುವ ಹರಿವು ಬೇರೆ. ಬಾಯಿಯ ಮೇಲೆ ಅಂಗೈ ಮುಚ್ಚಿ ಹತ್ತು ಎಣಿಸಿ. ಮಿಡಿತ ಮಾತ್ರ ಇದ್ದರೆ ಕೈ ತೆಗೆದಾಗ ಏನೂ ಆಗುವುದಿಲ್ಲ. ಒತ್ತಡ ತುಂಬುತ್ತಿದ್ದರೆ ಕೈ ಎತ್ತಿದ ಕ್ಷಣ ಪುಸ್ ಎಂದು ಹೊಗೆ ಬರುತ್ತದೆ.

ಇನ್ನೊಂದು ಸುಲಭದ ಉಪಾಯ ಇದೆ, ನನಗೆ ತುಂಬ ಇಷ್ಟವಾದದ್ದು. ಸೋರುತ್ತಿರುವ ಜಾಗ ಕಣ್ಣಿಗೆ ಕಾಣುತ್ತಿದ್ದರೆ, ಎಂಜಿನ್ ಓಡುತ್ತಿರುವಾಗಲೇ ಎಣ್ಣೆ ಮುಚ್ಚಳ ಸಡಿಲಿಸಿ. ಕೆಲವೇ ನಿಮಿಷದಲ್ಲಿ ಹನಿ ನಿಂತರೆ ಅಥವಾ ಸ್ಪಷ್ಟವಾಗಿ ಕಡಿಮೆಯಾದರೆ ತಳ್ಳುತ್ತಿದ್ದದ್ದು ಒತ್ತಡವೇ. ಈಗಿನ ಎಂಜಿನ್ನುಗಳಲ್ಲಿ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ತಡವರಿಸಬಹುದು, ಚೆಕ್ ಲೈಟ್ ಹತ್ತಬಹುದು, ಗಾಬರಿ ಬೇಡ. ಪರೀಕ್ಷೆ ಮುಗಿದ ಮೇಲೆ ಮುಚ್ಚಿ.

ಪಿಸಿವಿ ವಾಲ್ವನ್ನು ಅಲ್ಲಾಡಿಸಿ 'ಟಕ್ ಟಕ್' ಅಂತು, ಸರಿ ಇದೆ ಅನ್ನುವವರಿದ್ದಾರೆ. ಗೂಟ ಅಂಟಿಲ್ಲ ಎಂದಷ್ಟೇ ಅದು ಹೇಳುತ್ತದೆ. ಸ್ಪ್ರಿಂಗ್ ಸೋತಿರಬಹುದು, ಅದಕ್ಕಿಂತ ಹೆಚ್ಚಾಗಿ ಅದು ಬೇರೆ ಎಂಜಿನ್ನಿನ ವಾಲ್ವೇ ಆಗಿರಬಹುದು. ಹೊರನೋಟಕ್ಕೆ ಅವಳಿಗಳ ಹಾಗಿರುವ ಎರಡು ವಾಲ್ವುಗಳ ಒಳಗಿನ ದಾರಿ ಬೇರೆ ಬೇರೆ ಅಳತೆಯದಿರುತ್ತದೆ. ಐಡಲಿನಲ್ಲಿ ವಾಲ್ವನ್ನು ಕವರಿನಿಂದ ಎಳೆದು ತುದಿಗೆ ಬೆರಳಿಡಿ. ಎಳೆತ ಗೊತ್ತಾಗಬೇಕು, ಐಡಲ್ ಒಂದಿಷ್ಟು ಬದಲಾಗಬೇಕು. ಎಳೆತವೇ ಇಲ್ಲದಿದ್ದರೆ ವಾಲ್ವ್ ತೆಗೆದು ಪೈಪಿನಲ್ಲಿ ನೋಡಿ, ಅಲ್ಲೂ ಇಲ್ಲದಿದ್ದರೆ ಪೈಪೇ ಮುಚ್ಚಿದೆ ಅಥವಾ ಮ್ಯಾನಿಫೋಲ್ಡಿನ ಸಣ್ಣ ರಂಧ್ರದಲ್ಲಿ ಇಂಗಾಲ ಕಟ್ಟಿದೆ. ಶುದ್ಧ ಗಾಳಿಯ ಪೈಪನ್ನೂ ಊದಿ ನೋಡಿ. ಹಾಗೇ ಟ್ಯಾಪೆಟ್ ಕವರಿನ ಒಳಗೆ ಎಣ್ಣೆ ಬೇರ್ಪಡಿಸುವ ತಗಡಿನ ತಡಿಕೆ ಇರುತ್ತದೆ, ಎಣ್ಣೆ ಬದಲಿಸುವುದನ್ನು ಮುಂದೂಡಿದ ಎಂಜಿನ್ನುಗಳಲ್ಲಿ ಅದು ಟಾರಿನಂಥ ಜಿಡ್ಡಿನಿಂದ ತುಂಬಿರುತ್ತದೆ. ವಾಲ್ವು, ಪೈಪು ಎರಡೂ ಹೊಸದಿದ್ದು ಒತ್ತಡ ಇಳಿಯದಿದ್ದರೆ ನಾನು ಮೊದಲು ನೋಡುವುದು ಅಲ್ಲಿ. ಹಿಮ ಬೀಳುವ ಕಡೆ ಇನ್ನೊಂದು ಕಾಟ. ಬ್ಲೋ-ಬೈ ಜೊತೆ ಬಂದ ನೀರಾವಿ ಪೈಪಿನಲ್ಲೇ ಮಂಜುಗಟ್ಟಿ ದಾರಿ ಮುಚ್ಚುತ್ತದೆ, ಸೀಲ್ ಹೊರಗೆ ಹಾರುತ್ತದೆ, ಗಾಡಿ ಬೆಚ್ಚಗಿನ ಗ್ಯಾರೇಜಿಗೆ ಬರುವಷ್ಟರಲ್ಲಿ ಮಂಜು ಕರಗಿ ಸಾಕ್ಷಿಯೇ ಇರುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಕೈ ಅಂದಾಜು. ಈಗ ಅಳತೆಗೆ ಬರೋಣ. ಮೇಜಿನ ಮೇಲೆ ನಾನು ತಂದಿಟ್ಟಿರುವುದು ಒಂದು ಹಲಗೆ, ಅದಕ್ಕೆ 'ಯು' ಆಕಾರದಲ್ಲಿ ಕಟ್ಟಿದ ಪಾರದರ್ಶಕ ಪೈಪು, ಅರ್ಧದವರೆಗೆ ಬಣ್ಣದ ನೀರು, ಹಿಂದೆ ಒಂದು ಸ್ಕೇಲು. ಇದೇ ಮ್ಯಾನೋಮೀಟರ್. ಒಂದು ತುದಿಯನ್ನು ಡಿಪ್‌ಸ್ಟಿಕ್ ಪೈಪಿಗೆ ಗಾಳಿ ಹೋಗದಂತೆ ಸಿಕ್ಕಿಸಿ, ಇನ್ನೊಂದು ತುದಿ ತೆರೆದಿರಲಿ. ಒತ್ತಡ ಇದ್ದರೆ ಎಂಜಿನ್ ಕಡೆಯ ನೀರು ಇಳಿದು ಆಚೆ ಕಡೆಯದು ಏರುತ್ತದೆ. ಎರಡು ಮಟ್ಟಗಳ ಅಂತರ ಓದಬೇಕು, ಒಂದು ಕಡೆ ಏರಿದ್ದನ್ನು ಮಾತ್ರ ಓದಿದರೆ ಅರ್ಧ ಉತ್ತರ ಸಿಗುತ್ತದೆ. 10 ಸೆಂ.ಮೀ. ಅಂತರ ಅಂದರೆ ಸುಮಾರು 1 ಕಿಲೋಪ್ಯಾಸ್ಕಲ್. ನಾವು ಲೆಕ್ಕ ಹಾಕಿದ 0.1 ಬಾರ್ ಅಂದರೆ ಸುಮಾರು ಒಂದು ಮೀಟರ್ ನೀರು. ಅಷ್ಟಿದ್ದರೆ ಈ ಹಲಗೆಯಿಂದ ನೀರೆಲ್ಲ ಹೊರಗೆ ಚಿಮ್ಮುತ್ತದೆ.

ಕಟ್ಟುವಾಗ ಎರಡು ಸಂಗತಿ ಗಮನಿಸಿ. ಎಂಜಿನ್ ಕಡೆಗೆ ಎಳೆತ ಜೋರಾಗಿದ್ದರೆ ಬಣ್ಣದ ನೀರನ್ನು ಎಂಜಿನ್ ಕುಡಿದುಬಿಡುತ್ತದೆ, ಹಾಗಾಗಿ ಮಧ್ಯೆ ಒಂದು ಖಾಲಿ ಬಾಟಲಿ ಸೇರಿಸಿ. ಮಿಡಿತಕ್ಕೆ ನೀರು ಕುಣಿದು ಓದಲು ಆಗದಿದ್ದರೆ ಪೈಪಿನೊಳಗೆ ಸಣ್ಣ ತೂತಿನ ಒಂದು ಜೆಟ್ ತೂರಿಸಿ, ನೀರು ಶಾಂತವಾಗುತ್ತದೆ. ನಾನು ಹಳೆಯ ಕಾರ್ಬುರೇಟರ್ ಜೆಟ್ ಬಳಸುತ್ತೇನೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲಿನಲ್ಲಿ ಓದಿ, 2500 ಆರ್‌ಪಿಎಮ್‌ನಲ್ಲಿ ಒಂದು ನಿಮಿಷ ಹಿಡಿದು ಓದಿ. ಆರೋಗ್ಯವಂತ ಪಿಸಿವಿ ಎಂಜಿನ್ನು ಐಡಲಿನಲ್ಲಿ ಕೆಲವು ಸೆಂಟಿಮೀಟರ್ ಎಳೆತ ತೋರಿಸುತ್ತದೆ. ಪಿಸಿವಿಯಲ್ಲಿ ಡಯಾಫ್ರಮ್, ಅಂದರೆ ರಬ್ಬರ್ ಪೊರೆ, ಇರುವ ಕೆಲವು ಹೊಸ ಎಂಜಿನ್ನುಗಳು ಅದಕ್ಕಿಂತ ಹೆಚ್ಚು ಎಳೆತ ಇಟ್ಟುಕೊಳ್ಳುತ್ತವೆ. ಹೊರಗೆ ಬಿಡುವ ಬ್ರೀದರ್ ಇರುವ ಡೀಸೆಲ್‌ಗಳಲ್ಲಿ ಸ್ವಲ್ಪ ಒತ್ತಡವೇ ಸಹಜ. ಎಷ್ಟರವರೆಗೆ ಎಂಬುದಕ್ಕೆ ಆ ಎಂಜಿನ್ನಿನ ಸರ್ವಿಸ್ ಮ್ಯಾನ್ಯುವಲ್ಲೇ ಕೊನೆಯ ಮಾತು, ನನ್ನ ಬಾಯಿಂದ ಒಂದು ಸಂಖ್ಯೆ ಹಿಡಿದುಕೊಂಡು ಹೋಗಬೇಡಿ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಅಭ್ಯಾಸ. ಸರಿ ಇರುವ ಗಾಡಿಗಳನ್ನೂ ಅಳೆದು ಬರೆದಿಟ್ಟುಕೊಳ್ಳಿ. ಹತ್ತು ಆರೋಗ್ಯವಂತ ಎಂಜಿನ್ನುಗಳ ಅಳತೆ ಗೊತ್ತಿದ್ದವನಿಗೆ ಹನ್ನೊಂದನೆಯದರ ರೋಗ ತಾನಾಗಿ ಕಾಣುತ್ತದೆ.

ಐಡಲಿನಲ್ಲಿ ಎಲ್ಲ ಸರಿ, ಆದರೂ ಎಣ್ಣೆ ಸೋರುತ್ತದೆ. ಇಂಥದ್ದು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಬಂದರೆ ಪಿಸಿವಿ ದಾರಿಯ ಚೆಕ್ ವಾಲ್ವ್ ನೋಡಿ. ಐಡಲಿನಲ್ಲಿ ಮ್ಯಾನಿಫೋಲ್ಡಿನಲ್ಲಿ ಎಳೆತ ಇರುತ್ತದೆ. ಟರ್ಬೊ ತುಂಬಿದಾಗ ಅದೇ ಮ್ಯಾನಿಫೋಲ್ಡಿನಲ್ಲಿ ಒತ್ತಡ. ಆ ಒತ್ತಡ ಹಿಂದಕ್ಕೆ ಕ್ರ್ಯಾಂಕ್‌ಕೇಸಿಗೆ ಬರದಂತೆ ತಡೆಯುವುದು ಆ ಪುಟ್ಟ ಪ್ಲಾಸ್ಟಿಕ್ ವಾಲ್ವ್. ಅದು ಮುರಿದರೆ ಟರ್ಬೊ ನೇರವಾಗಿ ನಿಮ್ಮ ಸೀಲುಗಳಿಗೆ ಗಾಳಿ ತುಂಬುತ್ತದೆ. ನಿಂತ ಗಾಡಿಯಲ್ಲಿ ಎಷ್ಟು ಹೊತ್ತು ನೋಡಿದರೂ ಇದು ಸಿಗುವುದಿಲ್ಲ. ವಾಲ್ವ್ ಕಳಚಿ ಎರಡೂ ಕಡೆಯಿಂದ ಊದಿ, ಒಂದೇ ಕಡೆಗೆ ಹೋಗಬೇಕು. ಇಲ್ಲವೇ ಸಣ್ಣ ಒತ್ತಡದ ಗೇಜನ್ನು ಉದ್ದ ಪೈಪಿನಲ್ಲಿ ಕ್ಯಾಬಿನ್ನಿಗೆ ತಂದು, ಇನ್ನೊಬ್ಬರು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತು ಓದಿ.

ರಿಂಗುಗಳನ್ನು ದೂರುವ ಮುಂಚೆ ಕ್ರ್ಯಾಂಕ್‌ಕೇಸಿಗೆ ಗಾಳಿ ತರುವ ಬೇರೆ ದಾರಿಗಳನ್ನೂ ನೆನಪಿಡಿ. ಬಹಳ ಡೀಸೆಲ್‌ಗಳಲ್ಲಿ, ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿಗೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದು ಬೂಸ್ಟರಿನಿಂದ ಎಳೆದ ಗಾಳಿಯನ್ನು ಎಲ್ಲಿ ಬಿಡುತ್ತದೆ ಹೇಳಿ? ಎಂಜಿನ್ನಿನ ಒಳಗೇ. ಬೂಸ್ಟರ್ ಅಥವಾ ಅದರ ಪೈಪು ಸೋರಿದರೆ ಪಂಪ್ ಬಿಡುವಿಲ್ಲದೆ ಗಾಳಿ ಎಳೆದು ಒಳಗೆ ತುಂಬುತ್ತಲೇ ಇರುತ್ತದೆ. ಬ್ರೇಕಿನ ಒಂದು ರಬ್ಬರ್ ಪೈಪು ಒಡೆದದ್ದಕ್ಕೆ ಎಂಜಿನ್ ಬಿಚ್ಚಿದವರಿದ್ದಾರೆ. ಪಂಪಿನ ಪೈಪನ್ನು ಪಂಪಿನ ಹತ್ತಿರವೇ ಮುಚ್ಚಿ ಮ್ಯಾನೋಮೀಟರ್ ನೋಡಿ, ನೀರು ಇಳಿದರೆ ಎಂಜಿನ್ನು ನಿರ್ದೋಷಿ. ಈ ಪರೀಕ್ಷೆ ನಿಂತ ಗಾಡಿಯಲ್ಲಿ ಮಾತ್ರ, ಯಾಕೆಂದರೆ ಆಗ ಬ್ರೇಕಿಗೆ ಬೂಸ್ಟರ್ ಬಲ ಇರುವುದಿಲ್ಲ. ಭಾರಿ ಗಾಡಿಗಳ ಏರ್ ಕಂಪ್ರೆಸರ್ ಕೂಡ ಇದೇ ಕತೆ. ಅದರ ರಿಂಗ್ ಸವೆದರೆ ಎಣ್ಣೆ ವಾಪಸ್ ಬರುವ ದಾರಿಯಲ್ಲಿ ಗಾಳಿ ಎಂಜಿನ್ನಿಗೆ ಇಳಿಯುತ್ತದೆ. ಟರ್ಬೊ ಶಾಫ್ಟಿನ ಸೀಲ್ ಹೋದರೆ ಅದರ ಎಣ್ಣೆ ಇಳಿಯುವ ಪೈಪಿನಲ್ಲೂ ಹೀಗೇ. ಕಂಪ್ರೆಸರ್ ಗಾಳಿ ತುಂಬುವಾಗ ಒಮ್ಮೆ, ಬ್ರೇಕ್ ಟ್ಯಾಂಕ್ ತುಂಬಿ ಅದು ಖಾಲಿ ಓಡುವಾಗ ಒಮ್ಮೆ ಅಳೆಯಿರಿ. ಎರಡೂ ಅಳತೆ ಬೇರೆಯಾದರೆ ಉತ್ತರ ಸಿಕ್ಕಿತು. ಎಣ್ಣೆ ಮಟ್ಟವನ್ನೂ ನೋಡಿ ಎಂದು ಹೇಳುವುದು ಅವಮಾನ ಅಂದುಕೊಳ್ಳಬೇಡಿ. ಹೆಚ್ಚು ಎಣ್ಣೆ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಬ್ರೀದರಿನಲ್ಲಿ ಎಣ್ಣೆ ಉಕ್ಕುತ್ತದೆ.

ಇಷ್ಟೂ ಸರಿ ಇದ್ದು ನೀರು ಇನ್ನೂ ಏರುತ್ತಿದ್ದರೆ ರಿಂಗು, ಬೋರು (ಸಿಲಿಂಡರಿನ ಒಳಗೋಡೆ), ಪಿಸ್ಟನ್ ಕಡೆಗೆ ತಿರುಗಿ. ಕಂಪ್ರೆಷನ್ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಎಣ್ಣೆ ಕುಡಿಯುತ್ತಿರುವ ಸಿಲಿಂಡರಿನಲ್ಲಿ ಆ ಎಣ್ಣೆಯೇ ಸಂದು ಮುಚ್ಚಿ ಚೆನ್ನಾದ ಅಂಕಿ ತೋರಿಸುತ್ತದೆ. ಲೀಕ್-ಡೌನ್ ಪರೀಕ್ಷೆ ಹೆಚ್ಚು ಪ್ರಾಮಾಣಿಕ. ಪಿಸ್ಟನ್ ಮೇಲ್ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ ಸಿಲಿಂಡರಿಗೆ ಗಾಳಿ ಕೊಟ್ಟು ಎಷ್ಟು ಪಾಲು ಸೋರುತ್ತದೆ ನೋಡುವುದು. ಶೇ. 10ರ ಆಸುಪಾಸು ಇದ್ದರೆ ನೆಮ್ಮದಿ, ಶೇ. 20 ದಾಟಿದರೆ ಯೋಚಿಸಬೇಕು. ಅಂಕಿಗಿಂತ ಸದ್ದು ಮುಖ್ಯ. ಎಣ್ಣೆ ಬಾಯಿಗೆ ಕಿವಿಗೊಟ್ಟಾಗ ಸುಯ್ ಎಂದರೆ ರಿಂಗ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಎಲ್ಲ ಸಿಲಿಂಡರ್ ಸರಿಸುಮಾರು ಒಂದೇ ಇದ್ದು ಒಂದು ಮಾತ್ರ ಕೆಟ್ಟಿದ್ದರೆ ಅಲ್ಲಿ ರಿಂಗ್ ಮುರಿದಿದೆ ಅಥವಾ ಪಿಸ್ಟನ್ ಸೀಳಿದೆ. ಇಂಗಾಲ ಕಟ್ಟಿ ಅಂಟಿಕೊಂಡ ರಿಂಗೂ ಸವೆದ ರಿಂಗಿನ ಹಾಗೇ ನಡೆದುಕೊಳ್ಳುತ್ತದೆ, ಅದು ಕೆಲವೊಮ್ಮೆ ಶುಚಿ ಮಾಡಿದರೆ ಬಿಡಿಸಿಕೊಳ್ಳುತ್ತದೆ.

ನನ್ನದೇ ಇನ್ನೊಂದು ದಡ್ಡತನ ಹೇಳಿಬಿಡುತ್ತೇನೆ. ಸೋರುವ ಜಾಗ ಹುಡುಕಲು ಒಮ್ಮೆ ಬ್ರೀದರ್ ಮುಚ್ಚಿ, ಡಿಪ್‌ಸ್ಟಿಕ್ ಪೈಪಿಗೆ ಗ್ಯಾರೇಜಿನ ಕಂಪ್ರೆಸರ್ ಗಾಳಿಯನ್ನೇ ಕೊಟ್ಟೆ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವ ಯೋಚನೆ. ಗುಳ್ಳೆ ಬರುವ ಮೊದಲು ಮುಂದಿನ ಸೀಲ್ 'ಟಪ್' ಎಂದು ಹೊರಗೆ ಬಂತು. ಸೋರದೇ ಇದ್ದ ಸೀಲ್ ಅದು. ಕ್ರ್ಯಾಂಕ್‌ಕೇಸಿಗೆ ಹೊರಗಿನಿಂದ ಗಾಳಿ ಅಥವಾ ಹೊಗೆ ಕೊಡುವುದಾದರೆ ಒತ್ತಡ ನಿಯಂತ್ರಿಸುವ ಸ್ಮೋಕ್ ಮಷಿನ್ನಿನಿಂದ, ನೀರಿನ ಲೆಕ್ಕದಲ್ಲಿ ಕೆಲವೇ ಸೆಂಟಿಮೀಟರಿನಷ್ಟು ಕೊಡಿ. ಈ ಮ್ಯಾನೋಮೀಟರನ್ನು ಜೊತೆಗೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು, ಮಿತಿಮೀರಿದರೆ ನೀರು ಹಾರಿ ನಿಮಗೆ ಹೇಳುತ್ತದೆ.

ಒತ್ತಡದ ಬಗ್ಗೆ ಇಷ್ಟು ಕೇಳಿದ ಮೇಲೆ ನೀವು ಎಲ್ಲ ಸೋರಿಕೆಯಲ್ಲೂ ಅದನ್ನೇ ಕಾಣಲು ಶುರು ಮಾಡುತ್ತೀರಿ, ನಾನೂ ಮಾಡಿದ್ದೆ. ರಬ್ಬರ್ ವಯಸ್ಸಾಗಿ ಗಡಸಾಗುತ್ತದೆ. ಚೇಂಬರಿನ ಅಂಚು ಜ್ಯಾಕ್ ಏಟಿಗೆ ಬಾಗಿರುತ್ತದೆ. ಯಾರೋ ಬೋಲ್ಟನ್ನು ಅತಿಯಾಗಿ ಬಿಗಿದು ಗ್ಯಾಸ್ಕೆಟ್ ಹಿಂಡಿರುತ್ತಾರೆ. ಶಾಫ್ಟಿನ ಮೇಲೆ ಹಳೆಯ ಸೀಲ್ ಕೊರೆದ ಗೆರೆಯಲ್ಲೇ ಹೊಸ ಸೀಲಿನ ತುಟಿ ಕೂತಿರುತ್ತದೆ. ಮ್ಯಾನೋಮೀಟರ್ ಸರಿ ಅಂದರೆ ನಂಬಿ, ಸೀಲ್ ಬದಲಿಸಿ. ಇನ್ನೊಂದು ತಿರುವು: ಒಳಗೆ ಎಳೆತ ಅತಿಯಾದರೂ ಸೀಲ್ ಹಾಳಾಗುತ್ತದೆ. ಪಿಸಿವಿಯ ಡಯಾಫ್ರಮ್ ಹರಿದರೆ ಮ್ಯಾನಿಫೋಲ್ಡಿನ ಎಳೆತ ಪೂರ್ತಿ ಕ್ರ್ಯಾಂಕ್‌ಕೇಸಿಗೆ ಸಿಗುತ್ತದೆ, ಹಿಂದಿನ ಸೀಲಿನ ತುಟಿಯಲ್ಲಿ ಗಾಳಿ ನುಸುಳಿ ಎಂಜಿನ್ನು ಸಿಳ್ಳೆ ಹಾಕುತ್ತದೆ, ಎಣ್ಣೆ ಮುಚ್ಚಳ ತೆಗೆಯಲು ಎರಡು ಕೈ ಬೇಕಾಗುತ್ತದೆ. ಮುಚ್ಚಳ ಸಡಿಲಿಸಿದ ತಕ್ಷಣ ಸಿಳ್ಳೆ ನಿಂತರೆ ಅದೇ.

ಒತ್ತಡದ ಮೂಲ ಸರಿಪಡಿಸಿದ ಮೇಲೆ ಸೋರುತ್ತಿದ್ದ ಸೀಲನ್ನು ಏನು ಮಾಡುವುದು ಎಂದು ಬಹಳ ಜನ ಕೇಳುತ್ತಾರೆ. ಕೈಗೆ ಸುಲಭವಾಗಿ ಸಿಗುವ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ಟಾದರೆ ಬದಲಿಸಿಬಿಡಿ. ಗೇರ್‌ಬಾಕ್ಸ್ ಇಳಿಸಬೇಕಾದ ಹಿಂದಿನ ಸೀಲಾದರೆ ನಾನು ತೊಳೆದು, ಗಾಡಿ ಕೊಟ್ಟು, ಕೆಲವು ನೂರು ಕಿಲೋಮೀಟರ್ ಓಡಿಸಿ ತನ್ನಿ ಅನ್ನುತ್ತೇನೆ. ತುಟಿ ಸುಟ್ಟಿರದಿದ್ದರೆ, ಮಡಚಿರದಿದ್ದರೆ ಅದು ಮತ್ತೆ ಒಣಗಿಯೇ ಇರುತ್ತದೆ. ಸೋರಿದರೆ ಆಗ ಇಳಿಸೋಣ, ಈ ಸಲ ಒಂದೇ ಸಲ. ಮ್ಯಾನೋಮೀಟರ್ ಇಲ್ಲೇ ಇದೆ, ಒಬ್ಬೊಬ್ಬರಾಗಿ ಬಂದು ಊದಿ ನೋಡಿ. ಮೆಲ್ಲಗೆ ಊದಿ, ನೀರು ಮೈಮೇಲೆ ಬೀಳುತ್ತದೆ.